ಚಾಲೂ ಆಗದ ಎ.ಸಿ.: ರಾಯಚೂರು ಸೀಮೆಯ ಗೃಹಸ್ಥರಿಗೆ ಕೆಲವು ಮಾತು

ರಾಯಚೂರು ಸೀಮೆಯ ಬೇಸಗೆಯನ್ನು ಕುರಿತು ಅಲ್ಲಿಯ ವಾಚಕರಿಗೆ ನಾವು ಹೊಸದಾಗಿ ಹೇಳಬೇಕಾದುದೇನೂ ಇಲ್ಲ. ಕೃಷ್ಣೆ ತುಂಗಭದ್ರೆಯರ ನಡುವಣ ಈ ನೆಲವು ಹೋಳಿಹುಣ್ಣಿಮೆ ಕಳೆಯುತ್ತಲೇ ಕಾಯತೊಡಗಿ, ಏಪ್ರಿಲ್ ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣತೆ ೪೦ ಡಿಗ್ರಿಯನ್ನು ದಾಟಿದರೂ ಯಾರೂ ಅದನ್ನು ವಿಶೇಷವೆಂದು ಆಡಿಕೊಳ್ಳುವುದಿಲ್ಲ. ಈ ಎರಡು ತಿಂಗಳು ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ ೮ ಗಂಟೆಯಿಂದ ಮಧ್ಯಾಹ್ನ ೧-೩೦ರ ವರೆಗೆ ನಡೆಯಿಸುವ ಏರ್ಪಾಡು ಬಹುಕಾಲದಿಂದ ಬಂದಿರುವುದೇ ಈ ಬಿಸಿಲಿಗೆ ಸಾಕಷ್ಟು ಸಾಕ್ಷಿಯಾಗಿದೆ. ಹಿಂದಿನ ಕಲ್ಲುಗೋಡೆಯ ಮಾಳಿಗೆಮನೆಗಳಲ್ಲಿ ದಪ್ಪ ಗೋಡೆಯೂ ಮಣ್ಣಿನ ಮೇಲ್ಮುದ್ದೆಯೂ ಹಗಲಿನ ಕಾವನ್ನು ಒಳಗೆ ಬಿಡದೆ ಸಂಜೆಯವರೆಗೆ ತಡೆದಿಡುತ್ತಿದ್ದವು. ಈಗಿನ ಸಿಮೆಂಟಿನ ತಾರಸಿಯಾದರೋ ಹಗಲೆಲ್ಲಾ ಕಾವನ್ನು ಕುಡಿದು ರಾತ್ರಿಯೆಲ್ಲಾ ಅದನ್ನು ಮಲಗಿದವರ ಮೇಲೆ ಉಗುಳುತ್ತದೆ. ಆದಕಾರಣ ಒಂದು ಕಾಲಕ್ಕೆ ಸಿರಿವಂತರ ಸೊತ್ತೆನಿಸಿದ್ದ ಎ.ಸಿ. ಯಂತ್ರವು ಈಗ ರಾಯಚೂರು ನಗರದಲ್ಲಿ ಮಾತ್ರವಲ್ಲದೆ ದೇವದುರ್ಗ ಮಾನ್ವಿಗಳಲ್ಲಿಯೂ ಸಾಧಾರಣ ಗೃಹಸ್ಥರ ಮನೆಯನ್ನು ಹೊಕ್ಕಿದೆ. ಒಂದೇ ಯಂತ್ರವಿರುವ ಮನೆಯಲ್ಲಿ ಅದು ಇರುವುದು ಹೆಚ್ಚಾಗಿ ವೃದ್ಧರ ಕೋಣೆಯಲ್ಲಿ, ಇಲ್ಲವೆ ಬಾಣಂತಿಯ ಕೋಣೆಯಲ್ಲಿ. ಅಂಥ ಕೋಣೆಯ ಯಂತ್ರವು ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಚಾಲೂ ಆಗದೆ ಕುಳಿತರೆ, ಅದನ್ನು ಬರಿಯ ಸುಖದ ಕೊರತೆಯೆಂದು ತಳ್ಳಿಹಾಕಲು ಬರುವುದಿಲ್ಲ.

“ನಿನ್ನೆ ಚೊಲೋ ಇತ್ತು, ಇವತ್ತು ಸುಮ್ನ ಕುಂತದ ನೋಡ್ರಿ” ಎಂದು ಗೃಹಸ್ಥರು ಮೆಕ್ಯಾನಿಕ್ಕಿಗೆ ಫೋನು ಮಾಡುವರು. ಮೆಕ್ಯಾನಿಕ್ಕು ರಾಯಚೂರಿನಲ್ಲಿದ್ದು ಮನೆ ದೇವದುರ್ಗದಲ್ಲೋ ಮಾನ್ವಿಯಲ್ಲೋ ಇದ್ದರೆ ನಡುವೆ ಐವತ್ತು ಕಿಲೋಮೀಟರಿನ ಆಸುಪಾಸಿನ ದಾರಿ. ಆ ವಾರದಲ್ಲಿ ಅವನನ್ನು ಕರೆದ ಮನೆಗಳಾದರೂ ಒಂದೆರಡಲ್ಲ. ಅವನು ಎರಡು ದಿನ ಬಿಟ್ಟು ಬಂದು, ಒಂದು ಗುಂಡಿಯನ್ನು ಒತ್ತಿ ಯಂತ್ರವನ್ನು ನಡೆಯಿಸಿ, ಬಂದುದಕ್ಕೆ ಕೂಲಿ ಪಡೆದು ಹೋಗುವುದು ಅಪೂರ್ವವಲ್ಲ. ಏಕೆಂದರೆ ಚಾಲೂ ಆಗದ ಎ.ಸಿ.ಗಳಲ್ಲಿ ಅನೇಕವು ಕೆಟ್ಟವೇ ಅಲ್ಲ. ಅವಕ್ಕೆ ತಕ್ಕ ಕರೆಂಟು ಬಂದಿರುವುದಿಲ್ಲ, ಇಲ್ಲವೆ ತಮ್ಮನ್ನು ತಾವು ಕಾಪಾಡಿಕೊಳ್ಳಲೆಂದು ಸುಮ್ಮನಿರುತ್ತವೆ. ಈ ಎರಡನ್ನೂ ನಿಜವಾದ ಕೇಡಿನಿಂದ ಬೇರೆಮಾಡಿ ಗುರುತಿಸುವ ಬಗೆಯನ್ನೂ, ಗೃಹಸ್ಥನ ಕೈ ಎಲ್ಲಿ ನಿಲ್ಲಬೇಕೆಂಬುದನ್ನೂ ಇಲ್ಲಿ ತಿಳಿಸಲಿಚ್ಛಿಸುತ್ತೇವೆ.

ಮೊದಲು ಯಂತ್ರದ ರೀತಿಯನ್ನು ಎರಡು ಮಾತಿನಲ್ಲಿ ಹೇಳಬೇಕು. ೧೯೦೨ರಲ್ಲಿ ಅಮೆರಿಕದ ಬ್ರೂಕ್ಲಿನ್ನಿನಲ್ಲಿದ್ದ ಒಂದು ಮುದ್ರಣಾಲಯದಲ್ಲಿ ಹವೆಯ ತೇವದಿಂದ ಕಾಗದ ಹಿಗ್ಗಿ ಕುಗ್ಗಿ ಬಣ್ಣದ ಅಚ್ಚು ಕೂಡಿಬಾರದಿರಲು, ಅದಕ್ಕೆ ಪರಿಹಾರವಾಗಿ ವಿಲಿಸ್ ಕ್ಯಾರಿಯರ್ ಎಂಬ ತರುಣ ಇಂಜಿನಿಯರನು ರಚಿಸಿದ ಏರ್ಪಾಡೇ ಇಂದಿನ ಈ ಯಂತ್ರಗಳ ಮೂಲಪುರುಷ. ಮನುಷ್ಯರ ಸುಖದ ಯೋಚನೆ ಆಮೇಲೆ ಬಂದದ್ದು. ಎ.ಸಿ.ಯು ತಂಪನ್ನು ಹುಟ್ಟಿಸುವುದಿಲ್ಲ. ಕೋಣೆಯೊಳಗಿನ ಕಾವನ್ನು ಹೊತ್ತು ಹೊರಗೆ ಹಾಕುತ್ತದೆ. ಕಾವನ್ನು ಹೊರುವುದು ಕೊಳವೆಯೊಳಗಿನ ಗ್ಯಾಸು. ಆ ಗ್ಯಾಸನ್ನು ಒತ್ತಿ ಓಡಿಸುವ ಕಂಪ್ರೆಸರು ತಾರಸಿಯ ಮೇಲಿನ ಹೊರಪೆಟ್ಟಿಗೆಯಲ್ಲಿದೆ. ಕೋಣೆಯೊಳಗಿನ ಪೆಟ್ಟಿಗೆಯಲ್ಲಿ ಸಣ್ಣದೊಂದು ಫ್ಯಾನು ಮಾತ್ರ. ಆದಕಾರಣ ಒಳಗಿನ ಫ್ಯಾನು ಬೀಸುತ್ತಿದ್ದು ಗಾಳಿ ತಂಪಾಗಿಲ್ಲವೆಂದರೆ ಅದೊಂದು ರೋಗ. ಎರಡು ಪೆಟ್ಟಿಗೆಗಳೂ ಪೂರಾ ಮೌನವಾಗಿದ್ದರೆ ಅದು ಬೇರೊಂದು ರೋಗ. ಈ ಭೇದವನ್ನು ಫೋನಿನಲ್ಲಿಯೇ ಸರಿಯಾಗಿ ಹೇಳಿದರೆ ಮೆಕ್ಯಾನಿಕ್ಕಿಗೆ ಅರ್ಧ ಕೆಲಸ ಮುಗಿದಂತೆ.

ಪೂರಾ ಮೌನವಾಗಿದ್ದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಮನೆಗೆ ಕರೆಂಟು ಬಂದಿದೆಯೇ ಎಂಬುದು. ವಾಚಕರು ನಗಬಾರದು. ಈಗ ಬಹಳ ಮನೆಗಳಲ್ಲಿ ಬ್ಯಾಟರಿಯ ಇನ್ವರ್ಟರು ಇದ್ದು, ಬೀದಿಯ ಕರೆಂಟು ಹೋದ ಕ್ಷಣದಲ್ಲಿಯೇ ಅದು ದೀಪಗಳನ್ನೂ ಫ್ಯಾನುಗಳನ್ನೂ ನಡೆಯಿಸತೊಡಗುತ್ತದೆ. ಎ.ಸಿ.ಯ ಭಾರವನ್ನು ಅದು ಹೊರಲಾರದ್ದರಿಂದ ಎ.ಸಿ.ಯನ್ನು ಅದಕ್ಕೆ ಜೋಡಿಸಿರುವುದಿಲ್ಲ. ದೀಪ ಉರಿಯುತ್ತಿದೆ, ಫ್ಯಾನು ತಿರುಗುತ್ತಿದೆ, ಎ.ಸಿ. ಮಾತ್ರ ಸತ್ತಿದೆ ಎಂದು ಮನೆಯವರು ಗಾಬರಿಯಾಗುವರು. (ಎ.ಸಿ.ಯ ಮೇಲೆಯೂ ‘ಇನ್ವರ್ಟರ್’ ಎಂದು ಬರೆದಿರುವುದು ಇನ್ನೊಂದು ಭ್ರಾಂತಿಗೆ ಎಡೆಗೊಟ್ಟಿದೆ. ಅದು ಕಂಪ್ರೆಸರಿನ ವೇಗವನ್ನು ಹೆಚ್ಚುಕಡಿಮೆ ಮಾಡುವ ಏರ್ಪಾಡಿನ ಹೆಸರು. ಕರೆಂಟು ಹೋದಾಗಲೂ ನಡೆಯುವುದೆಂದು ಅದರ ಅರ್ಥವಲ್ಲ.) ಮೂರು ಫೇಸಿನ ಮನೆಗಳಲ್ಲಿ ಮತ್ತೊಂದು ತೊಡಕುಂಟು. ಒಂದು ಫೇಸು ಹೋದರೆ ಮನೆಯ ಮೂರರಲ್ಲೊಂದು ಪಾಲು ಮಾತ್ರ ಕತ್ತಲಾಗುತ್ತದೆ. ಎ.ಸಿ. ಆ ಪಾಲಿನಲ್ಲಿದ್ದರೆ ಅದೊಂದೇ ನಿಂತಂತೆ ಕಾಣುವುದು. ಮೀಟರಿನ ಬಳಿ ನೋಡಿ, ನೆರೆಯವರನ್ನು ಕೇಳಿ, ಆಮೇಲೆ ಯಂತ್ರದ ಕಡೆಗೆ ಬರುವುದು ಮೇಲು.

ಕರೆಂಟು ಇದ್ದರೂ ಸಾಲದು, ಅದಕ್ಕೆ ಬಲವಿರಬೇಕು. ಈ ಸೀಮೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಇದೇ ಆದ್ದರಿಂದ ಇಲ್ಲಿ ತುಸು ನಿಲ್ಲುತ್ತೇವೆ. ಕೃಷ್ಣೆಯ ದಡದ ಶಕ್ತಿನಗರದಲ್ಲಿ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲನೆಯ ಘಟಕವು ೧೯೮೫ರಲ್ಲಿ ನಡೆಯತೊಡಗಿತು. ಅಲ್ಲಿ ನಿರ್ಮಿತವಾದ ಎಂಟು ಘಟಕಗಳ ಸಾಮರ್ಥ್ಯ ಒಟ್ಟು ೧,೭೨೦ ಮೆಗಾವಾಟು. ತರುವಾಯ ಯರಮರಸಿನಲ್ಲಿ ೮೦೦ ಮೆಗಾವಾಟಿನ ಎರಡು ಘಟಕಗಳೆದ್ದವು. “ಕರೆಂಟು ಹುಟ್ಟೋದೇ ನಮ್ಮಲ್ಲಿ, ನಮಗೇ ಯಾಕ ಕಮ್ಮಿ?” ಎಂದು ಊರವರು ಕೇಳುವುದು ಸಹಜವೇ ಆಗಿದೆ. ಆದರೆ ಕೇಂದ್ರವು ಸಮೀಪದಲ್ಲಿರುವುದಕ್ಕೂ ಮನೆಗೆ ಬರುವ ವೋಲ್ಟೇಜಿಗೂ ನೇರವಾದ ಸಂಬಂಧವಿಲ್ಲ. ಅಲ್ಲಿ ಹುಟ್ಟಿದ ಶಕ್ತಿಯು ಹಿರಿಯ ತಂತಿಗಳನ್ನೇರಿ ನಾಡಿನ ಸಮಸ್ತ ಜಾಲದಲ್ಲಿ ಬೆರೆತುಹೋಗುತ್ತದೆ. ಮರಳಿ ಊರಿನ ಸಬ್‌ಸ್ಟೇಷನ್ನಿಗೆ ಬಂದು, ೧೧,೦೦೦ ವೋಲ್ಟಿನ ತಂತಿಯಲ್ಲಿ ಓಣಿಯ ಟಿ.ಸಿ.ಯನ್ನು ಮುಟ್ಟಿ, ಅಲ್ಲಿ ಇಳಿದು ೨೩೦ ವೋಲ್ಟಾಗಿ ಕಂಬದಿಂದ ಕಂಬಕ್ಕೆ ಹರಿದು ಮನೆ ಸೇರುತ್ತದೆ. ಈ ಕೊನೆಯ ಕೆಲವು ನೂರು ಮೀಟರುಗಳಲ್ಲಿಯೇ ಗೃಹಸ್ಥನ ಭಾಗ್ಯ ತೀರ್ಮಾನವಾಗುವುದು.

ಮಾನ್ವಿಯ ತುಂಗಭದ್ರಾ ಎಡದಂಡೆ ಕಾಲುವೆಯನ್ನೂ, ದೇವದುರ್ಗದ ಕಡೆಯ ನಾರಾಯಣಪುರ ಬಲದಂಡೆ ಕಾಲುವೆಯನ್ನೂ ಬಲ್ಲ ಒಕ್ಕಲಿಗರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಮೇಲಿನವರು ತೂಬನ್ನು ತೆರೆದಷ್ಟೂ ಕೊನೆಭಾಗದ ಹೊಲಕ್ಕೆ ನೀರು ಕಡಿಮೆ. ತಂತಿಯಲ್ಲಿಯೂ ಹಾಗೆಯೇ: ಓಣಿಯವರೆಲ್ಲ ಏಕಕಾಲಕ್ಕೆ ಹೆಚ್ಚು ಕರೆಂಟನ್ನು ಎಳೆದಷ್ಟೂ ತಂತಿಯ ಅಡ್ಡಿಯಲ್ಲಿ ವೋಲ್ಟೇಜು ಸವೆದು, ಕಟ್ಟಕಡೆಯ ಮನೆಗೆ ೨೩೦ರ ಬದಲು ೧೮೦ ಮುಟ್ಟುವುದುಂಟು. ಮೋಟಾರಿನ ಎಳೆಯುವ ಬಲವು ವೋಲ್ಟೇಜು ಕುಗ್ಗಿದಷ್ಟೇ ಕುಗ್ಗದೆ ಅದಕ್ಕಿಂತ ಬೇಗ ಕುಗ್ಗುತ್ತದೆ. ೨೩೦ ಇರುವಲ್ಲಿ ೧೮೦ ಬಂದರೆ ಬಲವು ಐದರಲ್ಲಿ ಮೂರು ಪಾಲಿಗೆ ಇಳಿಯುವುದು. ಹಳೆಯ ಮಾದರಿಯ ಕಂಪ್ರೆಸರಿಗಾದರೋ ಹೊರಡುವ ಕ್ಷಣದಲ್ಲಿ ನಡೆಯುವಾಗಿನದಕ್ಕಿಂತ ಐದಾರು ಮಡಿ ಕರೆಂಟು ಬೇಕು. ಹತ್ತಿಯ ಅಂಡಿಗೆ ಹೇರಿದ ಬಂಡಿಯನ್ನು ಏರಿನಲ್ಲಿ ನಿಂತಲ್ಲಿಂದ ಹೊರಡಿಸುವಾಗಲೇ ಅಲ್ಲವೆ ಎತ್ತಿನ ಶಕ್ತಿಯ ಪರೀಕ್ಷೆ! ಬಲ ಸಾಲದ ಕಂಪ್ರೆಸರು ಗುಂಯ್ ಎಂದು ಕೆಲವು ಕ್ಷಣ ನರಳಿ, ಕಾದು, ಒಳಗಿನ ರಕ್ಷಕವು ಕರೆಂಟನ್ನು ಕಡಿಯುವುದರಿಂದ ಸುಮ್ಮನಾಗುತ್ತದೆ. ಹತ್ತು ಸಲ ಹೀಗೆ ನರಳಿಸಿದರೆ ಅದು ನಿಜವಾಗಿಯೇ ಸುಟ್ಟುಹೋಗುವುದು. ಇನ್ವರ್ಟರ್ ಮಾದರಿಯವು ಮೆಲ್ಲನೆ ಹೊರಡುವುದರಿಂದ ಕಡಿಮೆ ವೋಲ್ಟೇಜನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತವೆ; ಆದರೆ ಅವುಗಳ ಎಲೆಕ್ಟ್ರಾನಿಕ್ ಬೋರ್ಡು ಏರುವ ವೋಲ್ಟೇಜಿಗೆ ಬಹಳ ಹೆದರುತ್ತದೆ.

ಮುಂಚೆ ದೀಪ ಮಂಕಾದುದನ್ನು ನೋಡಿಯೇ ವೋಲ್ಟೇಜು ಇಳಿದಿದೆಯೆಂದು ಹಿರಿಯರು ಹೇಳಿಬಿಡುತ್ತಿದ್ದರು. ಈಗಿನ ಎಲ್.ಇ.ಡಿ. ದೀಪಗಳು ವೋಲ್ಟೇಜು ಇಳಿದರೂ ಬಹುಮಟ್ಟಿಗೆ ಒಂದೇ ಸಮನೆ ಉರಿಯುವುದರಿಂದ ಆ ಗುರುತು ಕೆಟ್ಟಿತು. ಫ್ಯಾನಿನ ವೇಗವನ್ನು ನೋಡಬೇಕು. ಸ್ಟೆಬಿಲೈಜರಿನ ಮೇಲೆ ಅಂಕಿ ತೋರುವಂತಿದ್ದರೆ ಅದನ್ನು ಓದಬೇಕು. ಬೆಳಗಿನ ಜಾವ ನಾಲ್ಕಕ್ಕೆ ಮಾತಿಲ್ಲದೆ ಹೊರಡುವ ಯಂತ್ರವು ರಾತ್ರಿ ಹತ್ತಕ್ಕೆ, ಓಣಿಯ ಎ.ಸಿ.ಗಳೆಲ್ಲ ನಡೆಯುತ್ತಿರುವ ಹೊತ್ತಿನಲ್ಲಿ, ಮುಷ್ಕರ ಹೂಡಿದರೆ ರೋಗವು ಓಣಿಯಲ್ಲಿದೆಯೇ ಹೊರತು ಯಂತ್ರದಲ್ಲಿಲ್ಲ. ಮೂರು ದಿನ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಆ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟು, ನೆರೆಯ ನಾಲ್ಕು ಮನೆಯವರನ್ನು ಕೂಡಿಸಿಕೊಂಡು ಜೆಸ್ಕಾಂ ಕಚೇರಿಗೆ ಬರವಣಿಗೆಯಲ್ಲಿ ಕೊಡುವುದು ಉತ್ತಮ. “ವೋಲ್ಟೇಜ್ ಕಮ್ಮಿ ಅದರೀ” ಎಂಬ ಮಾತಿಗಿಂತ ಅಂಕಿಗೆ ಬೆಲೆ ಹೆಚ್ಚು. ಫೋನಿನ ದೂರಿಗೆ ೧೯೧೨ ಎಂಬ ಸಂಖ್ಯೆ ಇದೆ. ಇದನ್ನು ಬಿಟ್ಟು ಪ್ರತಿಯೊಬ್ಬರೂ ಇನ್ನೂ ದೊಡ್ಡ ಸ್ಟೆಬಿಲೈಜರನ್ನು ಕೊಂಡುತಂದರೆ ಓಣಿಗೆ ಉಪಕಾರವಾಗದು. ಸ್ಟೆಬಿಲೈಜರು ವೋಲ್ಟೇಜನ್ನು ಏರಿಸುವುದು ತಂತಿಯಿಂದ ಇನ್ನಷ್ಟು ಕರೆಂಟನ್ನು ಎಳೆದುಕೊಂಡೇ. ಅದರಿಂದ ಕೊನೆಯ ಮನೆಯವನ ಪಾಲು ಮತ್ತಷ್ಟು ಇಳಿಯುತ್ತದೆ.

ಇದಕ್ಕೆ ವಿರುದ್ಧವಾದ ಒಂದು ಅಪಾಯವನ್ನು ಹೇಳದೆ ಮುಂದಕ್ಕೆ ಹೋಗಲಾರೆವು. ಗಾಳಿಮಳೆಯಲ್ಲಿ ಕಂಬದ ನ್ಯೂಟ್ರಲ್ ತಂತಿ ಕಡಿದರೆ ಕೆಲವು ಮನೆಗಳಿಗೆ ೨೩೦ಕ್ಕೆ ಬದಲಾಗಿ ಬಹಳ ಹೆಚ್ಚಿನ, ೪೦೦ರ ಸಮೀಪದ ವೋಲ್ಟೇಜು ನುಗ್ಗಬಹುದು. ಫ್ಯಾನುಗಳು ಭರ್ರೆಂದು ಅತಿವೇಗದಿಂದ ತಿರುಗಿದರೆ, ಅಥವಾ ಒಂದು ಕೋಣೆಯಲ್ಲಿ ಅತಿವೇಗ ಇನ್ನೊಂದರಲ್ಲಿ ಅತಿಮಂದವಾದರೆ, ಎ.ಸಿ.ಯ ಚಿಂತೆಯನ್ನು ಬಿಟ್ಟು ಒಡನೆಯೇ ಮೇನ್ ಸ್ವಿಚ್ಚನ್ನು ಇಳಿಸಿ ಲೈನ್‌ಮನ್ನರಿಗೆ ತಿಳಿಸಬೇಕು.

ಸ್ಟೆಬಿಲೈಜರಿನದೇ ಒಂದು ಸ್ವಭಾವವುಂಟು. ಕರೆಂಟು ಹೋಗಿ ಬಂದ ಮೇಲೆ ಅದು ಸುಮಾರು ಮೂರು ನಿಮಿಷ ಯಂತ್ರಕ್ಕೆ ಏನನ್ನೂ ಕೊಡದೆ ಕಾಯಿಸುತ್ತದೆ. ಕಂಪ್ರೆಸರು ನಿಂತ ಕೂಡಲೇ ಕೊಳವೆಯ ಒಂದು ಕಡೆ ಗ್ಯಾಸಿನ ಒತ್ತಡ ಹೆಚ್ಚಾಗಿಯೂ ಇನ್ನೊಂದು ಕಡೆ ಕಡಿಮೆಯಾಗಿಯೂ ಇರುತ್ತದೆ. ಅದು ಸಮನಾಗುವ ಮೊದಲೇ ಹೊರಡಿಸಿದರೆ ಮೋಟಾರು ಆ ಒತ್ತಡದ ವಿರುದ್ಧ ತಿಣುಕಬೇಕಾಗುವುದು. ಕರೆಂಟು ಹತ್ತು ನಿಮಿಷಕ್ಕೊಮ್ಮೆ ಹೋಗಿಬರುವ ದಿನ ಅಸಹನೆಯಿಂದ ಸ್ವಿಚ್ಚನ್ನು ಆರಿಸಿ ಹಾಕುತ್ತಿದ್ದರೆ ಪ್ರತಿ ಸಲವೂ ಆ ಮೂರು ನಿಮಿಷ ಹೊಸದಾಗಿ ಮೊದಲಾಗುತ್ತದೆ. ಯಂತ್ರ ಎಂದಿಗೂ ಹೊರಡುವುದಿಲ್ಲ. ಒಮ್ಮೆ ಹಾಕಿ, ಐದು ನಿಮಿಷ ಮುಟ್ಟದಿರಬೇಕು. ಮನೆಯ ಹುಡುಗರಿಗೆ ಇದನ್ನು ಹೇಳಿಡುವುದು ಒಳ್ಳೆಯದು. ಯಜಮಾನರಿಗೆ ಹೇಳುವುದೇ ಕಷ್ಟ.

ಸ್ಟೆಬಿಲೈಜರಿಗೇ ಕರೆಂಟು ಬಂದಿಲ್ಲವಾದರೆ ಎಂ.ಸಿ.ಬಿ.ಯನ್ನು ನೋಡಬೇಕು. ಕೆಳಗೆ ಬಿದ್ದಿದ್ದರೆ ಪೂರಾ ಇಳಿಸಿ ಒಮ್ಮೆ ಏರಿಸಬಹುದು. ನಿಂತರೆ ಸರಿ. ಮತ್ತೆ ಬಿದ್ದರೆ ಅದನ್ನು ಏರಿಸುವುದು ಸರ್ವಥಾ ಕೂಡದು, ಎಲ್ಲಿಯೋ ತಂತಿ ಕೂಡಿಕೊಂಡಿದೆಯೆಂದೋ ಭಾರ ಮೀರಿದೆಯೆಂದೋ ಅದು ಹೇಳುತ್ತಿದೆ. ಹದಿನಾರು ಆಂಪಿಯರಿನದನ್ನು ಕಿತ್ತು ಮೂವತ್ತೆರಡರದನ್ನು ಹಾಕಿಸಿ, ಈಗ ಬೀಳುವುದಿಲ್ಲವೆಂದು ಸಂತೋಷಪಡುವ ಜನರುಂಟು. ಬೀಳಬೇಕಾದದ್ದು ಬೀಳದಿದ್ದರೆ ಗೋಡೆಯೊಳಗಿನ ತಂತಿ ಉರಿಯಬೇಕಾಗುತ್ತದೆ. ಹಳೆಯ ಮನೆಗಳಲ್ಲಿ ಎರಡು ದೀಪ ಒಂದು ಫ್ಯಾನಿಗೆಂದು ಎಳೆದ ಸಣ್ಣ ತಂತಿಗೇ ಎ.ಸಿ. ಜೋಡಿಸಿರುವುದನ್ನು ಕಾಣುತ್ತೇವೆ. ಒಂದೂವರೆ ಟನ್ನಿನ ಯಂತ್ರಕ್ಕೆ ಬೋರ್ಡಿನಿಂದಲೇ ಬೇರೆಯಾಗಿ ಬಂದ ೪ ಚದರ ಮಿಲಿಮೀಟರಿನ ತಾಮ್ರದ ತಂತಿ ಇರಬೇಕು. ಪ್ಲಗ್ಗಿನ ಬಾಯಿ ಕಂದುಗಟ್ಟಿದ್ದರೆ, ಸುಟ್ಟ ವಾಸನೆ ಬಂದರೆ, ರೋಗ ಅಲ್ಲಿಯೇ ಇದೆ.

ರಿಮೋಟಿನ ವಿಷಯ ಸಣ್ಣದು, ಬೇಗ ಹೇಳಿಬಿಡುತ್ತೇವೆ. ಕಳೆದ ಬೇಸಗೆಯ ಸೆಲ್ಲುಗಳು ಸತ್ತಿರಬಹುದು. ರಿಮೋಟಿನ ಮೂತಿಯನ್ನು ಮೊಬೈಲಿನ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿದರೆ, ಕಣ್ಣಿಗೆ ಕಾಣದ ಬೆಳಕು ಬಹಳ ಫೋನುಗಳಲ್ಲಿ ಮಿಣುಕಾಗಿ ಕಾಣುತ್ತದೆ. ಕಂಡರೆ ರಿಮೋಟು ಜೀವಂತವಾಗಿದೆ. ಮೊಮ್ಮಕ್ಕಳು ಟೈಮರನ್ನೋ ಬರಿಯ ಫ್ಯಾನಿನ ಗುರುತನ್ನೋ ಒತ್ತಿಟ್ಟಿದ್ದರೆ ಅದನ್ನು ಮಂಜುಹನಿಯ ಗುರುತಿಗೆ ತರಬೇಕು. ಒಳಪೆಟ್ಟಿಗೆಯ ಮುಚ್ಚಳದ ಕೆಳಗೆ ಸಾಮಾನ್ಯವಾಗಿ ಒಂದು ಚಿಕ್ಕ ಗುಂಡಿ ಇದ್ದು, ರಿಮೋಟಿಲ್ಲದೆಯೂ ಅದರಿಂದ ಯಂತ್ರವನ್ನು ಹೊರಡಿಸಬಹುದು. ಅದಕ್ಕೆ ಹೊರಟು ರಿಮೋಟಿಗೆ ಹೊರಡದಿದ್ದರೆ ಮೆಕ್ಯಾನಿಕ್ಕನ್ನು ಕರೆಯಬೇಕಾದುದೇ ಇಲ್ಲ.

ಇನ್ನು ಬಿಸಿಲು. ಈ ಯಂತ್ರಗಳ ಮೇಲೆ ಬರೆದಿರುವ ತಂಪಿನ ಲೆಕ್ಕವು ಹೊರಗಿನ ಗಾಳಿ ೩೫ ಡಿಗ್ರಿ ಇರುವಾಗಿನದು. ರಾಯಚೂರಿನ ತಾರಸಿಯ ಮೇಲೆ ಮಧ್ಯಾಹ್ನದ ಹೊತ್ತು ಹೊರಪೆಟ್ಟಿಗೆಯ ಸುತ್ತಣ ಗಾಳಿ ಅದಕ್ಕಿಂತ ಎಷ್ಟು ಮೇಲೇರಿರುವುದೆಂಬುದನ್ನು ಬರಿಗಾಲಿನಲ್ಲಿ ಅಲ್ಲಿ ನಡೆದವರು ಬಲ್ಲರು. ಸುತ್ತಣ ಗಾಳಿಯೇ ಕಾದಿರುವಾಗ ಯಂತ್ರವು ತಾನು ಹೊತ್ತ ಕಾವನ್ನು ಎಲ್ಲಿ ಇಳಿಸೀತು? ಅದರ ಮೇಲೆ ಹತ್ತಿಯ ಎಳೆಯೂ ಕರಿಮಣ್ಣಿನ ಧೂಳೂ ಜಾಲರಿಗೆ ಮೆತ್ತಿಕೊಂಡಿದ್ದರೆ ಒತ್ತಡವೇರಿ ಯಂತ್ರ ತಾನಾಗಿ ನಿಂತುಬಿಡುತ್ತದೆ. ಸಂಜೆ ತಂಪಾದ ಮೇಲೆ ಹೊರಟರೆ ಇದೇ ಕಾರಣವೆಂದು ತಿಳಿಯಬೇಕು. ಕರೆಂಟನ್ನು ಪೂರಾ ಕಡಿದು, ಜಾಲರಿಯನ್ನು ನೀರಿನಿಂದ ಹಗುರವಾಗಿ ತೊಳೆಯಬಹುದು. ತಂತಿಗಳಿರುವ ಕಡೆಗೆ ನೀರು ಬೀಳಕೂಡದು. ಪೆಟ್ಟಿಗೆಯ ಮೇಲೆ ಒಂದಿಷ್ಟು ಎತ್ತರದಲ್ಲಿ ನೆರಳು ಕಟ್ಟಬೇಕಲ್ಲದೆ ಗೋಣಿತಟ್ಟನ್ನು ಅದಕ್ಕೇ ಹೊದಿಸಿ ಉಸಿರು ಕಟ್ಟಿಸಬಾರದು.

ಇಷ್ಟನ್ನೆಲ್ಲ ನೋಡಿಯೂ ಯಂತ್ರ ಹೊರಡದಿದ್ದರೆ ಒಳಗೆ ಏನೋ ಆಗಿದೆ. ಹಲ್ಲಿಯೋ ಇರುವೆಯೋ ಬೋರ್ಡಿನ ಮೇಲೆ ಸತ್ತು ತಂತಿಗಳನ್ನು ಕೂಡಿಸಿರಬಹುದು, ಇಲಿ ಕೇಬಲ್ಲನ್ನು ಕಡಿದಿರಬಹುದು, ಕೆಪಾಸಿಟರು ಉಬ್ಬಿರಬಹುದು. ಇಲ್ಲಿ ಗೃಹಸ್ಥನ ಕೈ ನಿಲ್ಲಬೇಕು. ಕೆಪಾಸಿಟರೆಂಬುದು ಕರೆಂಟನ್ನು ಕಡಿದ ಮೇಲೆಯೂ ಶಕ್ತಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಂಡಿರುವ ವಸ್ತು. ಸ್ವಿಚ್ಚು ಆರಿಸಿದ್ದೇನೆಂಬ ಧೈರ್ಯದಿಂದ ಅದನ್ನು ಮುಟ್ಟಿದವರಿಗೆ ಬಲವಾದ ಹೊಡೆತ ತಗಲುವುದು. ಹೊರಪೆಟ್ಟಿಗೆಯನ್ನು ಮುಟ್ಟಿದಾಗ ಜುಮ್ಮೆಂದರೆ ಅರ್ಥಿಂಗು ಕೆಟ್ಟಿದೆಯೆಂದೇ ತಿಳಿದು ಯಂತ್ರವನ್ನು ನಿಲ್ಲಿಸಬೇಕು. ಬೇಸಗೆಯಲ್ಲಿ ಕರಿಮಣ್ಣು ಒಣಗಿ ಬಿರಿಯುವುದರಿಂದ ಅರ್ಥಿಂಗಿನ ಗುಂಡಿಯೂ ಒಣಗಿ ನಿರರ್ಥಕವಾಗುತ್ತದೆ. ಆಗಾಗ ಒಂದು ಕೊಡ ನೀರು ಹೊಯ್ಯುವುದನ್ನು ಮರೆಯಬಾರದು.

ಮೆಕ್ಯಾನಿಕ್ಕು ಬಂದಾಗ ಒಳಪೆಟ್ಟಿಗೆಯ ಮೇಲೆ ಮಿನುಗಿದ ಅಂಕಿಯನ್ನೋ, ದೀಪ ಎಷ್ಟು ಸಲ ಮಿಣುಕಿತೆಂಬುದನ್ನೋ ಅವನಿಗೆ ಹೇಳಬೇಕು. ಅದು ಯಂತ್ರವು ತನ್ನ ರೋಗವನ್ನು ತಾನೇ ಹೇಳುವ ಭಾಷೆ. ಪೂರಾ ಮೌನವಾದ ಯಂತ್ರಕ್ಕೆ “ಗ್ಯಾಸು ಹೋಗ್ಯದ, ತುಂಬಬೇಕು” ಎಂದು ಯಾರಾದರೂ ಹೇಳಿದರೆ ಸಂಶಯಪಡುವುದು ನ್ಯಾಯ. ಗ್ಯಾಸು ಕಡಿಮೆಯಾದರೂ ಒಳಗಿನ ಫ್ಯಾನು ಸಾಮಾನ್ಯವಾಗಿ ಹೊರಡುತ್ತದೆ. ಮೇಲಾಗಿ ಗ್ಯಾಸು ಎಣ್ಣೆಯಂತೆ ಖರ್ಚಾಗುವ ಪದಾರ್ಥವಲ್ಲ. ಹೋಗಿದ್ದರೆ ಎಲ್ಲಿಯೋ ಸೋರಿದೆ. “ಎಲ್ಲಿ ಸೋರ್ಯದಪ್ಪಾ, ತೋರಿಸು” ಎಂದು ಕೇಳಿ, ಅದನ್ನು ಮುಚ್ಚಿಸಿದ ಮೇಲೆಯೇ ತುಂಬಿಸಬೇಕು. ಈಚಿನ ಯಂತ್ರಗಳಲ್ಲಿರುವ ಆರ್-೩೨ ಎಂಬ ಗ್ಯಾಸಿಗೆ ಅಲ್ಪಸ್ವಲ್ಪ ಉರಿಯುವ ಗುಣವೂ ಇರುವುದರಿಂದ, ಆ ಕೆಲಸ ನಡೆಯುವ ಕಡೆ ಬೀಡಿ, ದೀಪ ಬೇಡ. ಕೊಂಡ ಬಿಲ್ಲನ್ನು ಜೋಪಾನವಾಗಿಟ್ಟಿದ್ದರೆ ಕಂಪ್ರೆಸರಿನ ಗ್ಯಾರಂಟಿ ಇನ್ನೂ ಉಳಿದಿರಬಹುದು. ಇವೆಲ್ಲಕ್ಕಿಂತ, ಶಿವರಾತ್ರಿಯ ಹೊತ್ತಿಗೆ ಒಂದು ಮಧ್ಯಾಹ್ನ ಯಂತ್ರವನ್ನು ಅರ್ಧ ಗಂಟೆ ನಡೆಯಿಸಿ ನೋಡುವುದು ಜಾಣತನ; ಆಗ ಮೆಕ್ಯಾನಿಕ್ಕಿಗೂ ಬಿಡುವಿರುತ್ತದೆ.

ಅವನು ಬರುವವರೆಗೆ ವೃದ್ಧರನ್ನೂ ಬಾಣಂತಿ ಕೂಸುಗಳನ್ನೂ ಆ ಮುಚ್ಚಿದ ಕೋಣೆಯಲ್ಲಿ ಇರಿಸಬಾರದು. ಎ.ಸಿ.ಗೆಂದು ಕಿಟಕಿ ಬಿಗಿದ ಕೋಣೆ ಯಂತ್ರ ನಿಂತ ಮೇಲೆ ಒಲೆಯಾಗುತ್ತದೆ. ಬಾಣಂತಿಗೆ ಗಾಳಿ ತಗಲಬಾರದೆಂಬ ಹಿರಿಯರ ಮಾತನ್ನು ಮೇ ತಿಂಗಳ ರಾಯಚೂರಿನಲ್ಲಿ ಅಷ್ಟು ಬಿಗಿಯಾಗಿ ಹಿಡಿಯಬೇಕಾದುದಿಲ್ಲವೆಂದು ನಮ್ಮ ಅಭಿಪ್ರಾಯ. ಅವರನ್ನು ಮನೆಯ ಕೆಳಗಣ, ಬಡಗಣ ಕೋಣೆಗೆ ಕರೆತಂದು, ಬಿಸಿಲು ಬೀಳುವ ಕಿಟಕಿಗಳಿಗೆ ಪರದೆ ಎಳೆದು, ನೆರಳಿನ ಕಡೆಯವನ್ನು ತೆರೆಯಬೇಕು. ಗಾಳಿಯೇ ಮೈಗಿಂತ ಬಿಸಿಯಾಗಿರುವಾಗ ಬರಿಯ ಫ್ಯಾನು ಕಾವನ್ನೇ ಬೀಸುತ್ತದೆ; ಒದ್ದೆ ಬಟ್ಟೆಯಿಂದ ಕೈಕಾಲು ಕತ್ತುಗಳನ್ನು ಒರೆಸಿ ಆಮೇಲೆ ಗಾಳಿ ಹಾಕಿದರೆ ಹಿತವಾಗುವುದು. ವೃದ್ಧರು ಬಾಯಾರಿಕೆಯೆಂದು ಹೇಳುವವರೆಗೆ ಕಾಯದೆ ಉಪ್ಪು ಬೆರೆಸಿದ ಮಜ್ಜಿಗೆಯನ್ನೋ ಅಂಬಲಿಯನ್ನೋ ಗಳಿಗೆಗೊಮ್ಮೆ ಕೊಡಬೇಕು. ಎಳೆಗೂಸಿಗೆ ತಾಯಿಯ ಹಾಲೇ ಮತ್ತೆ ಮತ್ತೆ. ತಾಯಿಗೆ ನೀರು ಹೆಚ್ಚು. ಮೈ ಸುಡುತ್ತಿದ್ದು ಮಾತು ತಡವರಿಸಿದರೆ, ಗುರುತು ತಪ್ಪಿದರೆ, ಕೂಸು ಹಾಲು ಬಿಟ್ಟು ಮಂಕಾದರೆ, ಅದು ಬಿಸಿಲಿನ ಹೊಡೆತ. ಒಡನೆಯೇ ೧೦೮ಕ್ಕೆ ಫೋನು ಮಾಡಿ, ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕದೆ, ಗಾಡಿ ಬರುವವರೆಗೂ ಒದ್ದೆ ಬಟ್ಟೆಯಿಂದ ಮೈಯನ್ನು ಒರೆಸುತ್ತಲೇ ಇರಬೇಕು.